ಸೂಜಿಮೊನೆಗೆ ಸಿಕ್ಕಿದ್ದು, ಸಿಗದೆ ಉಳಿದದ್ದು

ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆ ಸುಲಭ, ಅಗ್ಗ, ಬಹುಮಟ್ಟಿಗೆ ನಂಬಲರ್ಹ. ಆದರೆ ಅಪರೂಪದ ಗಡ್ಡೆ ಎದುರಾದಾಗ ನುರಿತ ಪೆಥಾಲಜಿಸ್ಟ್‌ಗಳೂ ತಡವರಿಸುತ್ತಾರೆ. ಯಾಕೆ ಹಾಗಾಗುತ್ತದೆ? ರೋಗಿ ತಿಳಿದಿರಬೇಕಾದದ್ದೇನು?

ಕನ್ನಡಿಯ ಮುಂದೆ ತಲೆ ಬಾಚುವಾಗಲೋ, ಬೇರೇನಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲೋ ಕುತ್ತಿಗೆಯ ಗಂಟು ಕಣ್ಣಿಗೆ ಬೀಳುತ್ತದೆ. ವೈದ್ಯರು ಮುಟ್ಟಿ ನೋಡಿ, ನುಂಗಲು ಹೇಳಿ, ಗಂಟು ಮೇಲಕ್ಕೂ ಕೆಳಕ್ಕೂ ಸರಿಯುವುದನ್ನು ಗಮನಿಸಿ, 'ಥೈರಾಯ್ಡ್ ಗಂಟು, ಎಫ್‌ಎನ್‌ಎಸಿ ಮಾಡಿಸಿ' ಎಂದು ಚೀಟಿ ಬರೆದುಕೊಡುತ್ತಾರೆ. ಮನೆಗೆ ಬಂದರೆ ಹತ್ತು ಜನ ಹತ್ತು ಮಾತು. 'ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತದಂತೆ', 'ಹರಡುತ್ತದಂತೆ' ಎಂಬ ಅಂತೆಕಂತೆಗಳಿಗೆ ಹೆದರಿ ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಮೊದಲಿಗೇ ಹೇಳಿಬಿಡಬೇಕು: ಸೂಜಿ ಹೋದ ದಾರಿಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಬೇರೂರುವುದು ತೀರಾ ವಿರಳ. ಆ ಭಯಕ್ಕೆ ಪರೀಕ್ಷೆಯನ್ನೇ ಬಿಡುವುದು ಜಾಣತನವಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಸೂಜಿಯಲ್ಲಿ ಬಂದ ನಾಲ್ಕು ಹನಿಯಿಂದ ಗಡ್ಡೆಯ ಗುಣವನ್ನು ಎಷ್ಟರಮಟ್ಟಿಗೆ ಹೇಳಲು ಸಾಧ್ಯ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಈ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ನಿಂತಿರುವುದೂ ಅದೇ ನಂಬಿಕೆಯ ಮೇಲೆ. ಥೈರಾಯ್ಡ್ ಗಂಟುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ನಿರಪಾಯಕಾರಿ. ಉಳಿದವುಗಳಲ್ಲಿ ಬಹುಪಾಲು ಪ್ಯಾಪಿಲ್ಲರಿ ಕ್ಯಾನ್ಸರ್. ಇವೆರಡನ್ನು ಗುರುತಿಸಲು ಒಂದು ಅಗುಳು ಸಾಮಾನ್ಯವಾಗಿ ಸಾಕಾಗುತ್ತದೆ. ಪಾತ್ರೆಯಲ್ಲಿ ಇರುವುದು ಅನ್ನವೇ ಅಲ್ಲದಿದ್ದಾಗ ತೊಡಕು ಶುರುವಾಗುತ್ತದೆ.

ಸ್ಲೈಡಿನ ಮೇಲಿನ ಲೋಕ

ಪರೀಕ್ಷೆಯ ಕ್ರಮ ಸರಳ. ರಕ್ತ ತೆಗೆಯುವ ಸೂಜಿಗಿಂತಲೂ ಸಾಮಾನ್ಯವಾಗಿ ಸಣ್ಣದಾದ ಸೂಜಿಯನ್ನು ಗಂಟಿನೊಳಗೆ ತೂರಿಸಿ, ಹಿಂದೆಮುಂದೆ ಆಡಿಸಿ, ಬಂದಷ್ಟನ್ನು ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಕೆಲವು ಸ್ಲೈಡ್‌ಗಳನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಬಣ್ಣ ಹಾಕುತ್ತಾರೆ, ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ ಪ್ಯಾಪನಿಕೋಲೊ ಬಣ್ಣ ಹಾಕುತ್ತಾರೆ. ಜೀವಕೋಶದ ಸುತ್ತಲಿನ ಅಂಟುದ್ರವ್ಯ ಮೊದಲನೆಯದರಲ್ಲಿ ಎದ್ದು ಕಂಡರೆ, ಕೋಶಕೇಂದ್ರದ ಒಳವಿವರ ಎರಡನೆಯದರಲ್ಲಿ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಅನೇಕ ಆಸ್ಪತ್ರೆಗಳಲ್ಲಿ ಪೆಥಾಲಜಿಸ್ಟ್ ತಾವೇ ಸೂಜಿ ಹಾಕುತ್ತಾರೆ. ಅಲ್ಟ್ರಾಸೌಂಡ್ ನೆರವಿದ್ದರೆ ಗಂಟಿನ ಸರಿಯಾದ ಭಾಗಕ್ಕೇ ಗುರಿಯಿಡಬಹುದು.

ಈ ವಿಧಾನಕ್ಕೆ ಸುಮಾರು ನೂರು ವರ್ಷದ ಚರಿತ್ರೆಯಿದೆ. 1930ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಸೂಜಿಯಿಂದ ಗಡ್ಡೆಯ ತುಣುಕನ್ನು ಹೀರಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅವರ ಸೂಜಿ ದಪ್ಪಗಿತ್ತು. ಸಣ್ಣ ಸೂಜಿಯ ಕಲೆಯನ್ನು ಮುಂದಿನ ದಶಕಗಳಲ್ಲಿ ಬೆಳೆಸಿದವರು ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯ ವೈದ್ಯರು. ಅಲ್ಲಿಯ ಟೋರ್‌ಸ್ಟನ್ ಲೋವ್‌ಹಾಗನ್ ಥೈರಾಯ್ಡ್ ಸೂಜಿ ಪರೀಕ್ಷೆಯನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು.

ವರದಿಯ ಭಾಷೆ ಮಾತ್ರ ಬಹುಕಾಲ ಒಬ್ಬೊಬ್ಬರದು ಒಂದೊಂದು ಬಗೆಯಾಗಿತ್ತು. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ಎಲ್ಲ ವರದಿಗಳನ್ನೂ ಆರು ವರ್ಗಗಳಿಗೆ ಒಗ್ಗೂಡಿಸಿದರು. ಭಾರತದ ಪ್ರಯೋಗಾಲಯಗಳಲ್ಲೂ ಈಗ ಚಾಲ್ತಿಯಲ್ಲಿರುವುದು ಇದೇ. 2023ರ ಮೂರನೇ ಆವೃತ್ತಿಯ ಪ್ರಕಾರ ಎರಡನೇ ವರ್ಗ, ಅಂದರೆ 'ನಿರಪಾಯಕಾರಿ' ಎಂದು ಬಂದರೆ ಕ್ಯಾನ್ಸರ್ ಇರುವ ಸರಾಸರಿ ಸಾಧ್ಯತೆ ಶೇ 4. ಮೂರನೆಯದಾದ 'ಅನಿಶ್ಚಿತ' ವರ್ಗದಲ್ಲಿ ಶೇ 22, ನಾಲ್ಕನೆಯದಾದ 'ಫಾಲಿಕ್ಯುಲರ್ ಗಡ್ಡೆ'ಯಲ್ಲಿ ಶೇ 30, ಐದನೆಯದಾದ 'ಸಂಶಯಾಸ್ಪದ'ದಲ್ಲಿ ಶೇ 74, ಆರನೆಯದರಲ್ಲಿ ಶೇ 97. ಮೊದಲನೇ ವರ್ಗ 'ಮಾದರಿ ಸಾಲದು' ಎಂಬುದು. ತಲಾ ಹತ್ತು ಕೋಶಗಳಿರುವ ಆರು ಗುಂಪುಗಳಾದರೂ ಕಾಣದಿದ್ದರೆ ಸಾಮಾನ್ಯವಾಗಿ ಮಾದರಿ ಸಾಲದೆಂದು ಬರೆಯುತ್ತಾರೆ. ಅದನ್ನು ಓದಿ 'ಏನೂ ಇಲ್ಲವಂತೆ' ಎಂದು ನಿರಾಳವಾಗುವವರು ಹಲವರು. ಆ ವರದಿಯ ಅರ್ಥ ಪರೀಕ್ಷೆ ಇನ್ನೂ ಆಗಿಲ್ಲ ಎಂದಷ್ಟೇ.

ಒಂದು ಮಿತಿ ಈ ವಿಧಾನದ ಹುಟ್ಟಿನಲ್ಲೇ ಇದೆ. ಸೂಜಿ ಕೋಶಗಳನ್ನು ಕಿತ್ತು ತರುತ್ತದೆ, ಅವು ಗಡ್ಡೆಯೊಳಗೆ ಯಾವ ವಿನ್ಯಾಸದಲ್ಲಿ ನಿಂತಿದ್ದವು ಎಂಬುದನ್ನು ಬಹುಮಟ್ಟಿಗೆ ಹಿಂದೆ ಬಿಟ್ಟು ಬರುತ್ತದೆ. ಫಾಲಿಕ್ಯುಲರ್ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬುದು ಅದು ತನ್ನ ಹೊದಿಕೆಯನ್ನೋ ರಕ್ತನಾಳವನ್ನೋ ಸೀಳಿ ಹೊರಬಂದಿದೆಯೇ ಎಂಬುದರ ಮೇಲೆ ನಿಂತಿದೆ. ಅದು ತಿಳಿಯುವುದು ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನು ಇಡಿಯಾಗಿ ತೆಗೆದು ನೋಡಿದಾಗಲೇ. ಈ ಮಿತಿ ಎಲ್ಲ ಪೆಥಾಲಜಿಸ್ಟ್‌ಗಳಿಗೂ ಗೊತ್ತು. ವೇಷ ಮರೆಸಿಕೊಂಡು ಬರುವ ಅಪರೂಪದ ಗಡ್ಡೆಗಳದ್ದು ಇದಕ್ಕಿಂತ ಕಠಿಣ ಸಮಸ್ಯೆ.

ಕ್ಯಾನ್ಸರ್‌ನಂತೆ ಕಾಣುವ ಸಾಧು ಗಡ್ಡೆ

1987ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಐಡನ್ ಕಾರ್ನಿ ಮತ್ತು ಸಂಗಡಿಗರು ವಿಚಿತ್ರ ಥೈರಾಯ್ಡ್ ಗಡ್ಡೆಯೊಂದನ್ನು ವಿವರಿಸಿದರು. ಕೋಶಗಳು ಪಟ್ಟಿಪಟ್ಟಿಯಾಗಿ ಜೋಡಿಸಿಕೊಂಡು, ನಡುವೆ ಗಾಜಿನಂತೆ ಹೊಳೆಯುವ ಗುಲಾಬಿ ದ್ರವ್ಯ ತುಂಬಿಕೊಂಡಿತ್ತು. ಇಂದು ಇದರ ಹೆಸರು ಹಯಲಿನೈಜಿಂಗ್ ಟ್ರಾಬೆಕ್ಯುಲರ್ ಟ್ಯೂಮರ್. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಕಾಣಿಸುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಇನ್ನೊಂದು ಅಂಗಕ್ಕೆ ಹರಡಿದ ಪ್ರಸಂಗಗಳು ಬಲು ವಿರಳ. ಗಂಟಿರುವ ಅರ್ಧ ಗ್ರಂಥಿಯನ್ನು ತೆಗೆದರೆ ಸಾಮಾನ್ಯವಾಗಿ ಚಿಕಿತ್ಸೆ ಮುಗಿಯಿತು.

ಇಷ್ಟು ಸಾಧುವಾದ ಗಡ್ಡೆ ಸ್ಲೈಡಿನ ಮೇಲೆ ಮಾತ್ರ ಭಯ ಹುಟ್ಟಿಸುತ್ತದೆ. ಪ್ಯಾಪಿಲ್ಲರಿ ಕ್ಯಾನ್ಸರನ್ನು ಗುರುತಿಸುವುದು ಕೋಶಕೇಂದ್ರದ ಉದ್ದಕ್ಕೂ ಓಡುವ ಗೀರು ಮತ್ತು ಅದರೊಳಗೆ ರಂಧ್ರ ಕೊರೆದಂತೆ ಕಾಣುವ ಸುಳ್ಳು ಗೋಳಗಳಿಂದ. ಈ ಎರಡೂ ಇಲ್ಲಿ ಧಾರಾಳವಾಗಿವೆ. ಪಟ್ಟಿಪಟ್ಟಿಯ ಜೋಡಣೆ ಸೂಜಿಯಲ್ಲಿ ಒಡೆದುಹೋಗಿರುತ್ತದೆ. ಆಗ 'ಪ್ಯಾಪಿಲ್ಲರಿ ಕ್ಯಾನ್ಸರ್' ಅಥವಾ 'ಪ್ಯಾಪಿಲ್ಲರಿಯ ಸಂಶಯ' ಎಂದು ವರದಿ ಹೋಗುವುದು ಸಾಮಾನ್ಯ. ಅದನ್ನು ನಂಬಿ ಇಡೀ ಗ್ರಂಥಿಯನ್ನು ತೆಗೆದರೆ ರೋಗಿ ಜೀವನಪರ್ಯಂತ ಥೈರಾಕ್ಸಿನ್ ಮಾತ್ರೆ ನುಂಗಬೇಕು. ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗುವ, ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಟ್ಟು ಕ್ಯಾಲ್ಸಿಯಂ ಇಳಿಯುವ ಅಪಾಯ ಬೇರೆ.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಆ ಗುಲಾಬಿ ದ್ರವ್ಯವನ್ನು ಕಂಡು ಮೆಡ್ಯುಲ್ಲರಿ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್‌ನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ದ್ರವ್ಯವೆಂದು ಭ್ರಮಿಸಬಹುದು. ಹೀಗಾಗಿ ಒಂದೇ ಸ್ಲೈಡ್ ಎರಡು ಬೇರೆ ಬೇರೆ ಕ್ಯಾನ್ಸರ್‌ಗಳ ಕಡೆಗೆ ಕೈತೋರಿಸುತ್ತದೆ. ಇದು ಪ್ಯಾಪಿಲ್ಲರಿಯದೇ ಒಂದು ರೂಪವಿರಬೇಕೆಂಬ ವಾದವೂ ತಜ್ಞರ ನಡುವೆ ವರ್ಷಗಟ್ಟಲೆ ನಡೆಯಿತು. 2019ರಲ್ಲಿ ಈ ಗಡ್ಡೆಗಳಲ್ಲಿ ಜಿಎಲ್‌ಐಎಸ್ ಎಂಬ ವಂಶವಾಹಿ ಇನ್ನೊಂದರ ಜೊತೆ ಬೆಸೆದುಕೊಂಡಿರುವುದು ಪತ್ತೆಯಾದ ಮೇಲೆ ಇದು ಬೇರೆಯೇ ಕುಲ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಕೆಐ-67 ಎಂಬ ಪ್ರತಿಕಾಯ ಬಣ್ಣವೂ ನೆರವಿಗಿದೆ. ಬೇರೆ ಗಡ್ಡೆಗಳಲ್ಲಿ ಕೋಶಕೇಂದ್ರಕ್ಕೆ ಹತ್ತುವ ಈ ಬಣ್ಣ ಇಲ್ಲಿ ಕೋಶದ ಅಂಚಿಗೆ ಹತ್ತುತ್ತದೆ. ಆದರೆ ಎಂಐಬಿ-1 ಎಂಬ ಒಂದು ನಿರ್ದಿಷ್ಟ ಪ್ರತಿಕಾಯವನ್ನು ಸರಿಯಾದ ಉಷ್ಣತೆಯಲ್ಲಿ ಬಳಸಿದರೆ ಮಾತ್ರ ಈ ಗುಣ ಕಾಣುತ್ತದೆ. ಅದಕ್ಕೂ ಮೊದಲು ಸ್ಲೈಡ್ ನೋಡುವವರ ತಲೆಯಲ್ಲಿ ಈ ಗಡ್ಡೆಯ ಹೆಸರು ಹೊಳೆಯಬೇಕು. ಅಪರೂಪದ ರೋಗಗಳಲ್ಲಿ ಎಡವುವುದು ಬಹಳ ಸಲ ಈ ಮೆಟ್ಟಿಲಲ್ಲೇ.

ಬಹುರೂಪಿ ಮೆಡ್ಯುಲ್ಲರಿ

ಥೈರಾಯ್ಡ್ ಹಾರ್ಮೋನ್ ತಯಾರಿಸುವ ಕೋಶಗಳ ನಡುವೆ ಅಲ್ಲಲ್ಲಿ ಚೆದುರಿಕೊಂಡಿರುವ 'ಸಿ' ಕೋಶಗಳ ಕೆಲಸ ಕ್ಯಾಲ್ಸಿಟೋನಿನ್ ಎಂಬ ಬೇರೆಯದೇ ಹಾರ್ಮೋನ್ ಉತ್ಪಾದಿಸುವುದು. ಇವುಗಳಿಂದ ಹುಟ್ಟುವುದು ಮೆಡ್ಯುಲ್ಲರಿ ಕ್ಯಾನ್ಸರ್. 1959ರಲ್ಲಿ ಹಜಾರ್ಡ್, ಹಾಕ್ ಮತ್ತು ಕ್ರೈಲ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ರೋಗವೆಂದು ಸ್ಥಾಪಿಸಿದರು. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ.

ಪಠ್ಯಪುಸ್ತಕದ ಚಿತ್ರದಂತೆ ಬಂದರೆ ಗುರುತಿಸುವುದು ಕಷ್ಟವಲ್ಲ. ಕೋಶಗಳು ಬಿಡಿಬಿಡಿಯಾಗಿ ಹರಡಿರುತ್ತವೆ, ಕೋಶಕೇಂದ್ರ ಒಂದು ಬದಿಗೆ ಸರಿದಿರುತ್ತದೆ, ಅದರೊಳಗಿನ ದ್ರವ್ಯ ಪೆಥಾಲಜಿಸ್ಟ್‌ಗಳು 'ಉಪ್ಪು-ಮೆಣಸು' ಎಂದು ಕರೆಯುವ ಹಾಗೆ ಚುಕ್ಕಿಚುಕ್ಕಿಯಾಗಿರುತ್ತದೆ. ಆದರೆ ಇದು ಒಂದೇ ರೂಪದಲ್ಲಿ ಬರುವ ರೋಗವಲ್ಲ. ಒಮ್ಮೆ ಕದಿರಿನಾಕಾರದ ಕೋಶಗಳು, ಒಮ್ಮೆ ದೈತ್ಯ ಕೋಶಗಳು, ಒಮ್ಮೆ ಫಾಲಿಕ್ಯುಲರ್ ಗಡ್ಡೆಯ ಪಡಿಯಚ್ಚು. ಸೂಜಿ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡರೆ ಮೆಡ್ಯುಲ್ಲರಿ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಸರಿಯಾದ ಹೆಸರು ಸಿಗುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದ ಸಂಗತಿ.

ಈ ಹೆಸರು ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಸುಮಾರು ಕಾಲುಭಾಗ ಪ್ರಕರಣಗಳು ಆರ್‌ಇಟಿ ವಂಶವಾಹಿಯ ದೋಷದಿಂದ ತಲೆಮಾರಿನಿಂದ ತಲೆಮಾರಿಗೆ ಬರುವಂಥವು. ಅಂಥ ಕುಟುಂಬಗಳಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಫಿಯೋಕ್ರೋಮೊಸೈಟೋಮ ಎಂಬ ಗಡ್ಡೆ ಇರಬಹುದು. ಅದನ್ನು ಅರಿಯದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮೆಡ್ಯುಲ್ಲರಿ ಕೋಶಗಳು ಅಯೋಡಿನ್ ಹೀರದ ಕಾರಣ ಪ್ಯಾಪಿಲ್ಲರಿಗೆ ಕೊಡುವ ವಿಕಿರಣ ಅಯೋಡಿನ್ ಇಲ್ಲಿ ವ್ಯರ್ಥ. ಮೊದಲ ಶಸ್ತ್ರಚಿಕಿತ್ಸೆಯೇ ಸಾಮಾನ್ಯವಾಗಿ ಬೇರೆ ವಿಸ್ತಾರದ್ದಾಗಿರಬೇಕು. ರೋಗಿಯ ಮಕ್ಕಳಲ್ಲಿ ಆರ್‌ಇಟಿ ದೋಷವಿದೆಯೇ ಎಂದು ರಕ್ತ ಪರೀಕ್ಷೆಯಿಂದ ತಿಳಿಯಬಹುದು, ಇದ್ದರೆ ಕ್ಯಾನ್ಸರ್ ಹುಟ್ಟುವ ಮೊದಲೇ ಗ್ರಂಥಿಯನ್ನು ತೆಗೆದು ಮಗುವನ್ನು ಉಳಿಸಬಹುದು. ಒಂದು ಸ್ಲೈಡಿನ ಹಿಂದೆ ಇಡೀ ಕುಟುಂಬ ನಿಂತಿರುತ್ತದೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಪರಿಹಾರ ದುಬಾರಿಯೇನಲ್ಲ. ಸಂಶಯ ಬಂದರೆ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಪ್ರಮಾಣ ನೋಡಬೇಕು. ಸೂಜಿ ತೊಳೆದ ನೀರಿನಲ್ಲೂ ಅದನ್ನು ಅಳೆಯಬಹುದು. ಪ್ರತಿ ಥೈರಾಯ್ಡ್ ಗಂಟಿಗೂ ಈ ಪರೀಕ್ಷೆ ಬೇಕೇ ಎಂಬುದರಲ್ಲಿ ವೈದ್ಯಲೋಕದಲ್ಲಿ ಒಮ್ಮತವಿಲ್ಲ. ಆದರೆ ವರದಿ ಅನಿಶ್ಚಿತವಾಗಿದ್ದಾಗ, ಕುಟುಂಬದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದಾಗ, ಕಾರಣ ತಿಳಿಯದ ಭೇದಿ ಜೊತೆಗಿದ್ದಾಗ ಇದನ್ನು ಮಾಡಿಸದಿರಲು ಒಪ್ಪುವ ಕಾರಣ ಸಿಗುವುದಿಲ್ಲ.

ವಾರಗಳಲ್ಲಿ ಬೆಳೆಯುವ ಗಂಟು

ವಯಸ್ಸಾದವರ ಕುತ್ತಿಗೆ ಕೆಲವೇ ವಾರಗಳಲ್ಲಿ ಊದಿಕೊಂಡು, ದನಿ ಕೂತು, ನುಂಗಲು ಉಸಿರಾಡಲು ಕಷ್ಟವಾದಾಗ ಎರಡು ರೋಗಗಳು ಮುಖ್ಯವಾಗಿ ಮನಸ್ಸಿಗೆ ಬರಬೇಕು. ಒಂದು ಅನಾಪ್ಲಾಸ್ಟಿಕ್ ಕ್ಯಾನ್ಸರ್. ಮನುಷ್ಯನಿಗೆ ಬರುವ ಕ್ಯಾನ್ಸರ್‌ಗಳಲ್ಲೇ ಅತಿ ಕ್ರೂರವಾದವುಗಳ ಸಾಲಿಗೆ ಸೇರಿದ್ದು, ರೋಗಿಗಳು ಬದುಕುಳಿಯುವ ಅವಧಿ ಬಹುಕಾಲ ತಿಂಗಳುಗಳ ಲೆಕ್ಕದಲ್ಲೇ ಇತ್ತು. ಇನ್ನೊಂದು ಥೈರಾಯ್ಡ್‌ನ ಲಿಂಫೋಮ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಇದಕ್ಕೆ ಕಿಮೋಥೆರಪಿ ಮತ್ತು ವಿಕಿರಣದಿಂದ ಒಳ್ಳೆಯ ಫಲ ಸಿಗುತ್ತದೆ, ದೊಡ್ಡ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಹೊರನೋಟಕ್ಕೆ ಎರಡೂ ಒಂದೇ. ಇವುಗಳಲ್ಲಿ ಯಾವುದು ಎಂದು ಬೇಗ ಹೇಳಬೇಕಾದದ್ದು ಸೂಜಿ.

ಹೇಳುವುದು ಸುಲಭವಲ್ಲ. ಅನಾಪ್ಲಾಸ್ಟಿಕ್ ಗಡ್ಡೆ ಎಷ್ಟು ವೇಗವಾಗಿ ಬೆಳೆಯುತ್ತದೆಂದರೆ ಅದರ ಒಡಲೇ ಸತ್ತ ಕೋಶಗಳಿಂದ ತುಂಬಿರುತ್ತದೆ. ಸೂಜಿ ಅಲ್ಲಿಗೆ ಹೋದರೆ ಬರುವುದು ಕೊಳೆತ ದ್ರವ್ಯ ಮಾತ್ರ. ಗಡ್ಡೆ ನಾರುನಾರಾಗಿದ್ದರೆ ಸೂಜಿಗೆ ಏನೂ ಬರುವುದಿಲ್ಲ. ಲಿಂಫೋಮದ್ದು ಇನ್ನೊಂದು ಬಗೆಯ ಪೇಚಾಟ. ಅದು ಬಹುತೇಕ ಹುಟ್ಟುವುದೇ ಹಶಿಮೊಟೊ ಥೈರಾಯ್ಡೈಟಿಸ್ ಇರುವ ಗ್ರಂಥಿಯಲ್ಲಿ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಈ ಉರಿಯೂತದಲ್ಲಿ ಗ್ರಂಥಿ ತುಂಬ ಲಿಂಫೋಸೈಟ್‌ಗಳೇ ತುಂಬಿಕೊಂಡಿರುತ್ತವೆ. ಅವುಗಳ ನಡುವೆ ನಿಧಾನಗತಿಯ ಲಿಂಫೋಮವನ್ನು ಕಣ್ಣಿನ ಅನುಭವದಿಂದಷ್ಟೇ ಬೇರ್ಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅಲ್ಲಿ ಕೋಶಗಳನ್ನು ಒಂದೊಂದಾಗಿ ಯಂತ್ರದಿಂದ ವಿಂಗಡಿಸಿ ನೋಡುವ ಫ್ಲೋ ಸೈಟೊಮೆಟ್ರಿ ಬೇಕು, ಇಲ್ಲವೇ ಸ್ವಲ್ಪ ದಪ್ಪ ಸೂಜಿಯಿಂದ ಎಳೆಯಂಥ ಚೂರು ತೆಗೆಯುವ ಕೋರ್ ಬಯಾಪ್ಸಿ ಬೇಕು.

ಅನಾಪ್ಲಾಸ್ಟಿಕ್ ಎಂದು ಗೊತ್ತಾದರೆ ಮಾಡುವುದೇನಿದೆ ಎಂಬ ನಿರಾಶೆಗೂ ಈಗ ಸ್ವಲ್ಪ ತಡೆ ಬಿದ್ದಿದೆ. ಬಿಆರ್‌ಎಎಫ್ ವಂಶವಾಹಿಯ ನಿರ್ದಿಷ್ಟ ದೋಷವಿರುವ ರೋಗಿಗಳಿಗೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿ ಔಷಧಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಆ ದೋಷ ಹುಡುಕಲೂ ಸಾಕಷ್ಟು ಜೀವಂತ ಕೋಶಗಳು ಬೇಕು. ಹಾಗಾಗಿ ಸೂಜಿ ಹಾಕಿದಾಗಲೇ ಹೆಚ್ಚುವರಿ ಮಾದರಿಯನ್ನು ಫಾರ್ಮಲಿನ್‌ನಲ್ಲಿ ಇಟ್ಟು 'ಸೆಲ್ ಬ್ಲಾಕ್' ಮಾಡಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಸ್ಲೈಡ್‌ಗೆ ಬಳಿದ ಮೇಲೆ ಉಳಿದದ್ದನ್ನು ಚೆಲ್ಲಿದರೆ ಮುಂದಿನ ಪ್ರಶ್ನೆಗಳಿಗೆ ಉತ್ತರವೂ ಚೆಲ್ಲಿಹೋಯಿತು.

ಬೇರೆ ಊರಿನಿಂದ ಬಂದವು

ಕೆಲವು ಗಂಟುಗಳು ಥೈರಾಯ್ಡ್‌ನಲ್ಲಿದ್ದರೂ ಥೈರಾಯ್ಡ್‌ನವಲ್ಲ. ಕಿಡ್ನಿಯ ಕ್ಯಾನ್ಸರ್ ಇಲ್ಲಿಗೆ ಬಂದು ನೆಲೆಸುವುದುಂಟು, ಅದೂ ಕೆಲವೊಮ್ಮೆ ಕಿಡ್ನಿ ತೆಗೆದು ಹತ್ತು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಅಷ್ಟು ಹೊತ್ತಿಗೆ ರೋಗಿಯೇ ಆ ವಿಷಯ ಮರೆತಿರುತ್ತಾನೆ, ಕುತ್ತಿಗೆಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಹೇಳಿರುವುದಿಲ್ಲ. ಸ್ಲೈಡಿನಲ್ಲಿ ಬರಿ ರಕ್ತ, ಅದರ ನಡುವೆ ಒಂದಿಷ್ಟು ತಿಳಿಯಾದ ಕೋಶಗಳು. ಪ್ರತಿಕಾಯ ಬಣ್ಣಗಳಲ್ಲೂ ಒಂದು ಬಲೆಯಿದೆ: ಥೈರಾಯ್ಡ್‌ನದ್ದೆಂದು ಗುರುತಿಸಲು ಬಳಸುವ ಪಿಎಎಕ್ಸ್-8 ಕಿಡ್ನಿ ಕ್ಯಾನ್ಸರ್ ಕೋಶಗಳಿಗೂ ಹತ್ತುತ್ತದೆ. ಟಿಟಿಎಫ್-1 ಮತ್ತು ಥೈರೊಗ್ಲೊಬ್ಯುಲಿನ್ ಬಣ್ಣಗಳನ್ನೂ ಹಾಕಿ, ಅವು ಹತ್ತಲಿಲ್ಲ ಎಂದು ಕಂಡಾಗ ಗುಟ್ಟು ರಟ್ಟಾಗುತ್ತದೆ.

ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಿರುವ, ಕೆಲವೊಮ್ಮೆ ಅದರೊಳಗೇ ಹುದುಗಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆ ಸ್ಲೈಡಿನಲ್ಲಿ ಥೈರಾಯ್ಡ್ ಫಾಲಿಕ್ಯುಲರ್ ಗಡ್ಡೆಯಂತೆಯೇ ಕಾಣುತ್ತದೆ. ರೋಗಿಗೆ ಮೂತ್ರಪಿಂಡದ ಕಲ್ಲು, ಮೂಳೆ ನೋವು ಇದ್ದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ ಎಂಬ ಒಂದು ಸಾಲು ಚೀಟಿಯಲ್ಲಿದ್ದರೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಇನ್ನೂ ಅಪರೂಪದ ಕ್ರಿಬ್ರಿಫಾರ್ಮ್ ಮಾರ್ಯುಲರ್ ಕ್ಯಾನ್ಸರ್ ಹುಟ್ಟುವುದು ಥೈರಾಯ್ಡ್‌ನಲ್ಲೇ ಆದರೂ ಬೇರೆ ಅಂಗದ ರೋಗದತ್ತ ಬೆರಳು ತೋರಿಸಬಲ್ಲದು. ಅದು ಹೆಚ್ಚಾಗಿ ಯುವತಿಯರಲ್ಲಿ ಕಾಣಿಸುತ್ತದೆ, ಪ್ಯಾಪಿಲ್ಲರಿ ಎಂದು ಸುಲಭವಾಗಿ ಮೋಸಗೊಳಿಸುತ್ತದೆ. ದೊಡ್ಡ ಕರುಳಿನಲ್ಲಿ ನೂರಾರು ಗುಳ್ಳೆಗಳೆದ್ದು, ಚಿಕಿತ್ಸೆಯಿಲ್ಲದಿದ್ದರೆ ಕ್ಯಾನ್ಸರ್ ಆಗಿಯೇ ತೀರುವ ಆನುವಂಶಿಕ ರೋಗದ ಮೊದಲ ಕುರುಹು ಕೆಲವರಲ್ಲಿ ಈ ಕುತ್ತಿಗೆ ಗಂಟೇ ಆಗಿರುತ್ತದೆ. ಸೂಜಿಯಲ್ಲಿ ಇದನ್ನು ಊಹಿಸಿ ಕೊಲೊನೋಸ್ಕೋಪಿಗೆ ಕಳಿಸುವ ಪೆಥಾಲಜಿಸ್ಟ್, ರೋಗಿಯ ಮುಖವನ್ನೇ ನೋಡದೆ ಜೀವ ಉಳಿಸಿರುತ್ತಾರೆ.

ಚೀಟಿಯ ಮೇಲಿನ ಎರಡು ಪದ

ಈ ಉದಾಹರಣೆಗಳಲ್ಲಿ ಹಲವಕ್ಕೆ ಒಂದು ಸಮಾನ ಅಂಶವಿದೆ. ತಪ್ಪು ಎಷ್ಟೋ ಸಲ ನಡೆಯುವುದು ಮೈಕ್ರೊಸ್ಕೋಪಿನ ಕೆಳಗಲ್ಲ, ಅದಕ್ಕೆ ಮುಂಚೆ. ಲ್ಯಾಬಿಗೆ ಬರುವ ಚೀಟಿಯಲ್ಲಿ 'ಥೈರಾಯ್ಡ್ ಗಂಟು' ಎಂಬ ಎರಡು ಪದ ಮಾತ್ರ ಇದ್ದರೆ ಪೆಥಾಲಜಿಸ್ಟ್ ಸಹಜವಾಗಿಯೇ ಸಾಮಾನ್ಯ ರೋಗಗಳ ಪಟ್ಟಿಯೊಳಗೆ ಹುಡುಕುತ್ತಾರೆ. ಗಂಟು ಎಷ್ಟು ವೇಗವಾಗಿ ಬೆಳೆಯಿತು, ಸ್ಕ್ಯಾನಿಂಗ್ ಏನು ಹೇಳಿತು, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿತ್ತು, ಮನೆಯಲ್ಲಿ ಯಾರಿಗೆ ಏನಿತ್ತು ಎಂಬುದು ಗೊತ್ತಿದ್ದರೆ ಅದೇ ಕಣ್ಣು ಅದೇ ಸ್ಲೈಡಿನಲ್ಲಿ ಬೇರೆಯದನ್ನು ಹುಡುಕುತ್ತದೆ. ವಂಶವಾಹಿ ಪರೀಕ್ಷೆಗಳು ಪಶ್ಚಿಮದ ದೇಶಗಳಲ್ಲಿ ಅನಿಶ್ಚಿತ ವರದಿಗಳನ್ನು ಬಿಡಿಸಲು ಬಳಕೆಯಲ್ಲಿವೆ, ನಮ್ಮಲ್ಲಿ ಅವು ಬಹುಜನರ ಕೈಗೆಟುಕುವ ಬೆಲೆಯಲ್ಲಿಲ್ಲ. ಪೂರ್ತಿ ತುಂಬಿದ ಚೀಟಿಗೆ ಮಾತ್ರ ಯಾವ ಖರ್ಚೂ ಇಲ್ಲ.

ವರದಿಯಲ್ಲಿ 'ಖಚಿತವಾಗಿ ಹೇಳಲಾಗದು' ಎಂದು ಬರೆಯುವ ಪೆಥಾಲಜಿಸ್ಟ್‌ನನ್ನು ಅಸಮರ್ಥನೆಂದು ತಿಳಿಯುವ ಅಭ್ಯಾಸವನ್ನು ರೋಗಿಗಳೂ ವೈದ್ಯರೂ ಬಿಡಬೇಕು. ಅಪರೂಪದ ಗಡ್ಡೆಯ ವಿಷಯದಲ್ಲಿ ಆ ಮಾತು, ಸುಳ್ಳು ಧೈರ್ಯದಿಂದ ಕೊಟ್ಟ ಹೆಸರಿಗಿಂತ ಎಷ್ಟೋ ಮೇಲು. ವಿಜ್ಞಾನವೇ ತನ್ನ ಹೆಸರುಗಳನ್ನು ತಿದ್ದಿಕೊಳ್ಳುತ್ತಿರುತ್ತದೆ. ಕ್ಯಾನ್ಸರ್ ಎಂದೇ ಕರೆಯುತ್ತಿದ್ದ, ಹೊದಿಕೆ ದಾಟದ ಒಂದು ಬಗೆಯ ಗಡ್ಡೆಗೆ 2016ರಲ್ಲಿ ತಜ್ಞರು ಆ ಪದವನ್ನೇ ಕೈಬಿಟ್ಟರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ 109 ರೋಗಿಗಳಲ್ಲಿ ಒಬ್ಬರಿಗೂ ರೋಗ ಮರುಕಳಿಸದಿದ್ದುದೇ ಅದಕ್ಕೆ ಕಾರಣ.

ಓದುಗರು ಮಾಡಬಹುದಾದದ್ದು ಇಷ್ಟು. ಸೂಜಿ ಪರೀಕ್ಷೆಗೆ ಹೋಗುವಾಗ ಹಳೆಯ ಫೈಲು, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ಒಯ್ಯಿರಿ. ಹಿಂದೆ ಯಾವುದೇ ಅಂಗದ ಕ್ಯಾನ್ಸರ್ ಆಗಿದ್ದರೆ, ಮನೆತನದಲ್ಲಿ ಥೈರಾಯ್ಡ್ ಅಥವಾ ಕರುಳಿನ ಕ್ಯಾನ್ಸರ್ ಇದ್ದರೆ, ಕೇಳದಿದ್ದರೂ ಹೇಳಿ. 'ಮಾದರಿ ಸಾಲದು' ಎಂದು ಬಂದರೆ ಮತ್ತೆ ಮಾಡಿಸಿ. ಗಂಟಿನ ನಡವಳಿಕೆಗೂ ವರದಿಗೂ ತಾಳೆಯಾಗದಿದ್ದರೆ, ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಸ್ಲೈಡ್‌ಗಳನ್ನು ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಕೇಂದ್ರದಲ್ಲಿ ಅಥವಾ ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಸ್ಲೈಡ್ ವರ್ಷಗಟ್ಟಲೆ ಕೆಡುವುದಿಲ್ಲ, ಎರಡನೇ ಅಭಿಪ್ರಾಯ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸಿಕೊಳ್ಳುವುದಿಲ್ಲ. ತೆಗೆದುಹಾಕಿದ ಗ್ರಂಥಿಯನ್ನು ಮಾತ್ರ ಯಾರೂ ಮರಳಿ ಜೋಡಿಸಲಾರರು.